ನುಗ್ಗಿ ಬರುವ ನೆನಪಿಗೆ ಟೆಟ್ರಿಸ್: ಯಾವಾಗ, ಎಷ್ಟು ಹೊತ್ತು, ಹೇಗೆ ಆಡಬೇಕು

ಅಪಘಾತ, ಹಲ್ಲೆ, ಕಣ್ಣೆದುರಿನ ಸಾವು, ಜೀವಕ್ಕೇ ಸಂಚಕಾರ ತಂದ ಹೆರಿಗೆ. ಇಂಥದ್ದೊಂದು ಆದ ಮೇಲೆ ಆ ಹೊತ್ತಿನ ಯಾವುದೋ ಒಂದು ಚಿತ್ರ ಕರೆಯದೆಯೇ ಬಂದು ಕಣ್ಣೆದುರು ನಿಲ್ಲುತ್ತದೆ. ಬಟ್ಟೆ ಮಡಚುತ್ತಿರುತ್ತೀರಿ, ಯಾರೊಂದಿಗೋ ಮಾತಾಡುತ್ತಿರುತ್ತೀರಿ, ಇದ್ದಕ್ಕಿದ್ದಂತೆ ಎದೆ ಧಸಕ್ಕೆನ್ನುತ್ತದೆ. ಮೇಲಿನಿಂದ ಬೀಳುವ ಬ್ಲಾಕುಗಳನ್ನು ತಿರುಗಿಸಿ ಸಂದಿಗೆ ಕೂರಿಸುವ ಟೆಟ್ರಿಸ್‌ನಂಥ ವಿಡಿಯೊ ಆಟದಿಂದ ನೆರವು ಸಿಗುವುದು ಮುಖ್ಯವಾಗಿ ಹೀಗೆ ನುಗ್ಗಿ ಬರುವ ಚಿತ್ರಗಳ ವಿಷಯದಲ್ಲಿ. "ನಾನು ಹಾಗೆ ಮಾಡಬಾರದಿತ್ತು" ಎಂಬ ಕೊರಗು ಮಾತಿನ ರೂಪದ್ದು, ಚಿತ್ರವಲ್ಲ. ಅದಕ್ಕೆ ಈ ಆಟದಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ಸುಮ್ಮನೆ ಆಡಿದರೆ ಸಾಲದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ನೆನಪನ್ನು ಕೆಲವೇ ಕ್ಷಣ ಎದುರಿಗೆ ತಂದುಕೊಂಡು, ಅದರ ಬೆನ್ನಿಗೆ ಮನಸ್ಸಿನ ಕಣ್ಣನ್ನು ಇನ್ನೊಂದು ಕೆಲಸಕ್ಕೆ ಪೂರ್ತಿಯಾಗಿ ಹಚ್ಚಬೇಕು. ಈ ಎರಡರಲ್ಲಿ ಒಂದನ್ನು ಬಿಟ್ಟರೂ ಉಳಿಯುವುದು ಬರೀ ಕಾಲಹರಣ.

ಆಟ ಯಾಕೆ ಕೆಲಸ ಮಾಡುತ್ತದೆ

ಕಣ್ಣು ಮುಚ್ಚಿ ಒಂದು ಚಿತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಲು ಮಿದುಳಿನಲ್ಲಿ ಇರುವ ಜಾಗ ತೀರ ಸಣ್ಣದು. ಮಾತಿಗೆ ಒಂದು, ಚಿತ್ರ ಮತ್ತು ಆಕಾರಕ್ಕೆ ಇನ್ನೊಂದು ಎಂದು ಈ ತಾತ್ಕಾಲಿಕ ಜಾಗ ಬೇರೆಬೇರೆಯಾಗಿರುತ್ತದೆಂದು ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ವಾದಿಸಿದರು. ಆಘಾತದ ದೃಶ್ಯ ಬಣ್ಣ, ಬೆಳಕಿನೊಂದಿಗೆ ಮೂಡಲು ಬೇಕಾದದ್ದು ಚಿತ್ರದ ಜಾಗ. ಬೀಳುತ್ತಿರುವ ಬ್ಲಾಕನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಲು ಬೇಕಾದದ್ದೂ ಅದೇ. ಎರಡಕ್ಕೂ ಒಟ್ಟಿಗೆ ಜಾಗ ಸಾಲದೆ ನೆನಪಿನ ಹರಿತ ಕಡಿಮೆಯಾಗುತ್ತದೆ, ಹಾಗೆ ಮಂಕಾದದ್ದೇ ಮತ್ತೆ ಒಳಗೆ ಕೂರುತ್ತದೆ ಎಂಬುದು ವಿವರಣೆ. ಇದರ ಒಳಯಂತ್ರದ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ಮನಶ್ಶಾಸ್ತ್ರಜ್ಞೆ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ 40 ಜನರಿಗೆ ಭೀಕರ ದೃಶ್ಯಗಳ ಚಲನಚಿತ್ರ ತೋರಿಸಿ, ಅರ್ಧ ಗಂಟೆಯ ನಂತರ ಅವರಲ್ಲಿ ಅರ್ಧದಷ್ಟು ಜನರಿಗೆ 10 ನಿಮಿಷ ಟೆಟ್ರಿಸ್ ಆಡಿಸಿದರು. ಮುಂದಿನ ವಾರವಿಡೀ ಆಡಿದವರಿಗೆ ನುಗ್ಗಿ ಬಂದ ದೃಶ್ಯಗಳು ಕಡಿಮೆ. ಆದರೆ ಏನು ನಡೆಯಿತೆಂದು ಕೇಳಿದಾಗ ಅವರ ನೆನಪು ಉಳಿದವರಷ್ಟೇ ಸರಿಯಾಗಿತ್ತು. ಹಾಗಾಗಿ ಘಟನೆಯೇ ಮರೆತುಹೋದೀತು, ನಾಳೆ ಹೇಳಿಕೆ ಕೊಡಲಾಗದೆ ಹೋದೀತು ಎಂದು ಹೆದರಬೇಕಾಗಿಲ್ಲ. 2015ರ ಪ್ರಯೋಗ ಇನ್ನೂ ಮುಖ್ಯವಾದದ್ದು. ಅಂಥದೇ ಚಲನಚಿತ್ರ ನೋಡಿದ 24 ಗಂಟೆಗಳ ನಂತರ ಬರೀ ಆಟ ಆಡಿದವರಿಗೆ ಪ್ರಯೋಜನವಾಗಲಿಲ್ಲ, ಬರೀ ನೆನಪಿಸಿಕೊಂಡವರಿಗೂ ಆಗಲಿಲ್ಲ. ನೆನಪಿಸಿಕೊಂಡು, 10 ನಿಮಿಷ ಬಿಟ್ಟು, 12 ನಿಮಿಷ ಆಡಿದವರಿಗೆ ಮಾತ್ರ ದೃಶ್ಯಗಳು ಕಡಿಮೆಯಾದವು. ಮುಂದೆ ಹೇಳುವ ಕ್ರಮವೆಲ್ಲ ನಿಂತಿರುವುದು ಇದರ ಮೇಲೆ.

ಆಟ ಮನಸ್ಸಿನ ಕಣ್ಣನ್ನು ಎಷ್ಟರಮಟ್ಟಿಗೆ ಹಿಡಿಯುತ್ತದೆ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ನಿದ್ರೆಯ ಸಂಶೋಧನೆಯಲ್ಲಿದೆ. ರಾಬರ್ಟ್ ಸ್ಟಿಕ್‌ಗೋಲ್ಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ಕಾಯಿಲೆಯಿಂದಾಗಿ ತಾವು ಆಟವಾಡಿದ್ದೇ ನೆನಪಿಲ್ಲದವರಲ್ಲೂ ಕೆಲವರಿಗೆ ನಿದ್ರೆಗೆ ಜಾರುವಾಗ ಬೀಳುವ ಬ್ಲಾಕುಗಳು ಕಾಣಿಸಿದ್ದವು.

ಯಾವ ಆಟ, ಯಾವ ಸೆಟ್ಟಿಂಗ್

ಹೆಚ್ಚಿನ ಅಧ್ಯಯನಗಳು ನಡೆದಿರುವುದು ಟೆಟ್ರಿಸ್ ಮೇಲೆ, ಆದ್ದರಿಂದ ಅದನ್ನೇ ಆರಿಸಿ. ಅಲೆಕ್ಸಿ ಪಾಜಿತ್ನೋವ್ 1984ರಲ್ಲಿ ರೂಪಿಸಿದ ಈ ಆಟದ ಅಂಕಣ ಸಾಮಾನ್ಯವಾಗಿ 10 ಮನೆ ಅಗಲ, 20 ಮನೆ ಎತ್ತರ. ಬೀಳುವ ಆಕಾರಗಳು 7, ಒಂದೊಂದರಲ್ಲೂ 4 ಚೌಕ. ಟೆಟ್ರಿಸ್ ಸಿಗದಿದ್ದರೆ ಆಕಾರಗಳನ್ನು ತಿರುಗಿಸಿ ಸಂದಿಗೆ ಕೂರಿಸುವ, ಒಂದೇ ಸಮನೆ ಮುಂದುವರಿಯುವ ಯಾವುದಾದರೂ ಆಟ ಹುಡುಕಿ. ಬಣ್ಣ ಹೊಂದಿಸುವ ಆಟಗಳಲ್ಲಿ ಕಣ್ಣಿಗೆ ಕೆಲಸವುಂಟು, ತಿರುಗಿಸುವ ಕೆಲಸವಿಲ್ಲ. ಅವು ಎರಡನೆಯ ಆಯ್ಕೆ.

ಪದಬಂಧ, ಕ್ವಿಜ್‌ಗಳನ್ನು ಘಟನೆಯಾದ ದಿನ ದೂರವಿಡಿ. 2010ರ ಪ್ರಯೋಗದಲ್ಲಿ ದೃಶ್ಯ ನೋಡಿದ ಅರ್ಧ ಗಂಟೆಗೆ ಕ್ವಿಜ್ ಆಡಿದವರಿಗೆ ನುಗ್ಗಿ ಬರುವ ಚಿತ್ರಗಳು ಹೆಚ್ಚೇ ಆದವು. ಕೆಲವು ದಿನ ಕಳೆದ ಮೇಲೆ ಪದದಾಟವೂ ನೆರವಾಯಿತೆಂದು 2017ರ ಇನ್ನೊಂದು ಪ್ರಯೋಗ ಹೇಳುತ್ತದೆ. ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿಗೆ ಬೊಟ್ಟು ಮಾಡುವುದಿಲ್ಲ, ಆದರೂ ಸುರಕ್ಷಿತ ಆಯ್ಕೆ ಆಕಾರದ ಆಟವೇ.

ಆಟ ಒಂದೇ ಸಮನೆ ಸಾಗುತ್ತ ವೇಗ ನಿಧಾನಕ್ಕೆ ಏರುವ ಮ್ಯಾರಥಾನ್ ಮೋಡ್ ಆರಿಸಿ, ಲೆವೆಲ್ 1ರಿಂದ ಶುರುಮಾಡಿ. ಒಂದು ಆಟ ಕನಿಷ್ಠ 5 ನಿಮಿಷವಾದರೂ ನಡೆಯುವಷ್ಟು ವೇಗ ಸಾಕು. ಜಾಹೀರಾತು ಬರುವ ಆಪ್ ಆದರೆ ಏರ್‌ಪ್ಲೇನ್ ಮೋಡ್ ಹಾಕಿ. ನಡುವೆ ಬರುವ 30 ಸೆಕೆಂಡಿನ ಜಾಹೀರಾತು ಹಳೆಯ ಚಿತ್ರಕ್ಕೆ ಬಾಗಿಲು ತೆರೆದುಕೊಟ್ಟಂತೆ. ಬ್ಲಾಕ್ ಎಲ್ಲಿ ಬಂದು ಕೂರುತ್ತದೆಂದು ಮಸುಕಾಗಿ ತೋರಿಸುವ ನೆರಳಿನ ಸೌಲಭ್ಯವನ್ನು ಸಾಧ್ಯವಾದರೆ ಆಫ್ ಮಾಡಿ, ಮನಸ್ಸು ಮಾಡಬೇಕಾದ ಕೆಲಸವನ್ನು ಅದೇ ಮಾಡಿಬಿಡುತ್ತದೆ. ಮುಂದಿನ ಬ್ಲಾಕ್ ತೋರಿಸುವ ಕಿಟಕಿ ಮಾತ್ರ ಇರಲೇಬೇಕು.

ಈ ಆಟ ಬರದವರು ನೆನಪಿನ ಗೋಜಿಗೆ ಹೋಗದೆ ಮೊದಲು ಒಂದೆರಡು ದಿನ ಆಡಿ ಕಲಿಯಲಿ. ಕಲಿಯುವಾಗಲೇ ಈ ಅಭ್ಯಾಸ ಮಾಡಿಕೊಳ್ಳಿ: ಕೈಯಲ್ಲಿರುವ ಬ್ಲಾಕನ್ನು ಬಿಟ್ಟೊಡನೆ ಕಣ್ಣು ಮುಂದಿನದರತ್ತ ಹೋಗಲಿ. ಎಡಗೋಡೆಗೆ ಅಂಟಿಕೊಂಡು ಒಂದು ಮನೆ ಅಗಲದ, ಎರಡು ಮನೆ ಆಳದ ಸಂದು ಇದೆ ಎಂದುಕೊಳ್ಳಿ. ಕಿಟಕಿಯಲ್ಲಿ ಜೆ ಆಕಾರ ಕಾಣುತ್ತಿದೆ. ಮೂರು ಚೌಕ ಅಡ್ಡಲಾಗಿ ಮಲಗಿವೆ, ಎಡತುದಿಯ ಮೇಲೆ ಇನ್ನೊಂದು. ಬಟನ್ ಮುಟ್ಟದೆ ಅದನ್ನು ಮನಸ್ಸಿನಲ್ಲೇ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಮ್ಮೆ ತಿರುಗಿಸಿ. ಮೂರು ಚೌಕ ನೆಟ್ಟಗೆ ನಿಂತವು, ನಾಲ್ಕನೆಯದು ಮೇಲ್ತುದಿಯಲ್ಲಿ ಬಲಕ್ಕೆ ಚಾಚಿಕೊಂಡಿತು. ಕೆಳಗಿನ ಎರಡು ಸಂದಿನೊಳಗೆ ಇಳಿಯುತ್ತವೆ, ಚಾಚಿದ ಚೌಕ ಪಕ್ಕದ ಕಂಬದ ನೆತ್ತಿಯ ಮೇಲೆ ಕೂರುತ್ತದೆ. ಇದಿಷ್ಟೂ ಕಣ್ಣಿಗೆ ಕಟ್ಟಿದ ಮೇಲೆ ಬೆರಳು ಆಡಿಸಿ. ಪಾಯಿಂಟ್ ಎಷ್ಟು ಬಂತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆಟದ ಗುಣವಿರುವುದು ಈ ತಿರುಗಿಸಿ ನೋಡುವುದರಲ್ಲಿ.

ಘಟನೆ ಇವತ್ತೇ ನಡೆದಿದ್ದರೆ

ಮೊದಲ ಕೆಲಸ ಸುರಕ್ಷಿತ ಜಾಗ, ಗಾಯಕ್ಕೆ ಚಿಕಿತ್ಸೆ, ಆತ್ಮೀಯರಿಗೆ ಸುದ್ದಿ. ತಲೆಗೆ ಪೆಟ್ಟಾಗಿದ್ದರೆ, ವಾಂತಿ, ತಲೆಸುತ್ತು ಇದ್ದರೆ ವೈದ್ಯರು ಹೇಳುವವರೆಗೆ ಸ್ಕ್ರೀನ್ ಮುಟ್ಟಬೇಡಿ. ಇವೆಲ್ಲ ಮುಗಿದ ಮೇಲೆ, ಘಟನೆಯಾಗಿ 6 ಗಂಟೆ ದಾಟುವ ಮೊದಲು ಆಡಲು ಸಾಧ್ಯವಾದರೆ ಒಳ್ಳೆಯದು. ನೆನಪು ಇನ್ನೂ ಹಸಿಯಾಗಿರುವ ಹೊತ್ತದು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಹನ ಅಪಘಾತವಾಗಿ ಆಸ್ಪತ್ರೆಗೆ ಬಂದ 71 ಜನರಲ್ಲಿ ಒಂದು ಗುಂಪಿಗೆ ಈ ಅವಧಿಯೊಳಗೆ ಅಪಘಾತದ ಕೆಟ್ಟ ಕ್ಷಣಗಳನ್ನು ಚುಟುಕಾಗಿ ನೆನಪಿಸಿ ಸುಮಾರು 20 ನಿಮಿಷ ಆಡಿಸಿದ್ದರು. ಮೊದಲ ವಾರ ಅವರಿಗೆ ನುಗ್ಗಿ ಬಂದ ನೆನಪುಗಳು ಇನ್ನೊಂದು ಗುಂಪಿನವರಿಗಿಂತ ಶೇ 62ರಷ್ಟು ಕಡಿಮೆ.

ಆ ದಿನ ನೆನಪನ್ನು ಕೆದಕಲು ಕಷ್ಟಪಡಬೇಕಿಲ್ಲ, ಅದು ತಾನಾಗಿಯೇ ಮೇಲೆ ತೇಲುತ್ತಿರುತ್ತದೆ. ತೀರ ಕೆಟ್ಟ ಒಂದೆರಡು ಕ್ಷಣಗಳನ್ನು ಒಂದೊಂದು ವಾಕ್ಯದಲ್ಲಿ ಹೇಳಿಕೊಂಡು 20 ನಿಮಿಷ ಆಡಿ. ಅದರಲ್ಲಿ 10 ನಿಮಿಷವಾದರೂ ಯಾರೂ ಅಡ್ಡಬರದಂತಿರಲಿ. ಪಕ್ಕದಲ್ಲಿರುವವರು ಆಗ ಏನಾಯಿತು, ಹೇಗಾಯಿತು ಎಂದು ಇಡೀ ಕಥೆ ಹೇಳಿಸದಿರುವುದೇ ದೊಡ್ಡ ಉಪಕಾರ. "ಆಮೇಲೆ ಮಾತಾಡೋಣ, ಈಗ ಇದನ್ನು ಆಡಿ" ಎಂದರೆ ಸಾಕು.

ನೆನಪು ಹಳೆಯದಾಗಿದ್ದರೆ

ತಿಂಗಳು, ವರ್ಷ ಕಳೆದ ನೆನಪಿಗೂ ಇದನ್ನು ಬಳಸಿದ್ದಾರೆ. ಜರ್ಮನಿಯಲ್ಲಿ ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆಯುತ್ತಿದ್ದ 20 ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಉಳಿದುಬಿಡುವ ಮಾನಸಿಕ ತೊಂದರೆ) ರೋಗಿಗಳು ವಾರಕ್ಕೊಂದು ನೆನಪನ್ನು ಆರಿಸಿ, ಕಾಗದದ ಮೇಲೆ ಬರೆದು, ಯಾರಿಗೂ ಓದಿಸದೆ ಹರಿದುಹಾಕಿ, 25 ನಿಮಿಷ ಟೆಟ್ರಿಸ್ ಆಡಿದರು. ಹೀಗೆ ಆರಿಸಿದ ನೆನಪುಗಳ ಕಾಟ ಶೇ 64ರಷ್ಟು ಇಳಿಯಿತು. ಆರಿಸದೆ ಬಿಟ್ಟವು ಇಳಿದದ್ದು ಶೇ 11 ಮಾತ್ರ. ಎಂದರೆ ಒಂದು ಚಿತ್ರಕ್ಕೆ ಆಡಿದ ಆಟ ಇನ್ನೊಂದಕ್ಕೆ ತಾಕುವುದಿಲ್ಲ. ಅವರ ಜೊತೆ ಚಿಕಿತ್ಸಕರಿದ್ದರು, ಗುಂಪು ಚಿಕ್ಕದಿತ್ತು ಎಂಬುದನ್ನು ಮರೆಯುವಂತಿಲ್ಲ. ನೀವೂ ಮೊದಲ ಬಾರಿಗೆ ಆಪ್ತಸಮಾಲೋಚಕರ ಜೊತೆ ಅಥವಾ ನಂಬಿಕಸ್ಥರೊಬ್ಬರು ಪಕ್ಕದ ಕೋಣೆಯಲ್ಲಿರುವಾಗ ಮಾಡಿ.

ಮೊದಲ ಒಂದು ವಾರ ಏನೂ ಮಾಡದೆ ಎಣಿಸಿ. ಒಂದು ಹಾಳೆಯಲ್ಲಿ ದಿನಕ್ಕೆ ನಾಲ್ಕು ಮನೆ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ಕರೆಯದೆ ಬಂದ ಒಂದೊಂದು ಚಿತ್ರಕ್ಕೂ ಒಂದೊಂದು ಗೆರೆ ಎಳೆಯಿರಿ. ನೀವಾಗಿಯೇ ನೆನಪಿಸಿಕೊಂಡದ್ದಕ್ಕೆ ಗೆರೆಯಿಲ್ಲ, ಮಾತಿನ ಯೋಚನೆಗೂ ಇಲ್ಲ. ಚಿತ್ರಗಳಿಗೆ ಮೂರ್ನಾಲ್ಕು ಪದದ ಹೆಸರಿಡಿ: "ಒಡೆದ ಗಾಜು, ಹೆಡ್‌ಲೈಟ್", "ಬಾಗಿಲ ಬಳಿ ನೆರಳು". ಸಾಮಾನ್ಯವಾಗಿ ಇವು ಬೆರಳೆಣಿಕೆಯಷ್ಟೇ ಇರುತ್ತವೆ. ವಾರದ ಕೊನೆಗೆ ಹಾಳೆ ನೋಡಿದರೆ ಯಾವುದು ಹೆಚ್ಚು ಬರುತ್ತದೆಂದು ತಿಳಿಯುತ್ತದೆ.

ಶುರುಮಾಡುವಾಗ ತೀರ ಭಯಾನಕವಾದದ್ದನ್ನು ಆರಿಸಬೇಡಿ. ಆಗಾಗ ಬರುವ, ಆದರೆ ತಡೆದುಕೊಳ್ಳಬಲ್ಲ ಒಂದನ್ನು ತೆಗೆದುಕೊಳ್ಳಿ. ಹಗಲು ಹೊತ್ತು, ಮುಕ್ಕಾಲು ಗಂಟೆ ಬಿಡುವು ಇರಲಿ. ಹೆಸರು ಹೇಳಿಕೊಂಡು ಚಿತ್ರವನ್ನು ಹತ್ತಿಪ್ಪತ್ತು ಸೆಕೆಂಡು ಮನಸ್ಸಿಗೆ ತನ್ನಿ, ಇಲ್ಲವೇ ಎರಡು ಸಾಲು ಬರೆದು ಹರಿದುಹಾಕಿ. ಮುಂದಿನ 10 ನಿಮಿಷ ಮನೆಯೊಳಗೆ ಓಡಾಡಿ, ನೀರು ಕುಡಿಯಿರಿ. ಫೋನಿನಲ್ಲಿ ವಿಡಿಯೊ ನೋಡಬೇಡಿ. ಆಮೇಲೆ 20ರಿಂದ 25 ನಿಮಿಷ, ಮೇಲೆ ಹೇಳಿದಂತೆ ಮನಸ್ಸಿನಲ್ಲಿ ತಿರುಗಿಸುತ್ತಾ ಆಡಿ. ನಡುವೆ ಚಿತ್ರ ಇಣುಕಿದರೆ ಅದರೊಂದಿಗೆ ಗುದ್ದಾಡದೆ ಮುಂದಿನ ಬ್ಲಾಕಿನತ್ತ ಕಣ್ಣು ಹೊರಳಿಸಿ. ಅಲಾರಂ ಹೊಡೆದಾಗ ನಿಲ್ಲಿಸಿ, ಎದ್ದು ಬೇರೆ ಕೆಲಸಕ್ಕೆ ಹೋಗಿ.

ಇನ್ನೊಂದು ವಾರ ಅದೇ ರೀತಿ ಗೆರೆ ಎಳೆಯಿರಿ. ಗೆರೆಗಳು ಅರ್ಧಕ್ಕಿಳಿದಿದ್ದರೆ ಮುಂದಿನ ಚಿತ್ರಕ್ಕೆ ಹೋಗಬಹುದು. ಇಳಿಯದಿದ್ದರೆ ಅದೇ ಚಿತ್ರಕ್ಕೆ ಇನ್ನೊಮ್ಮೆ. ವಾರಕ್ಕೆ ಒಂದಕ್ಕಿಂತ ಹೆಚ್ಚು ಚಿತ್ರ ಬೇಡ.

ಎಲ್ಲಿ ಕೆಡುತ್ತದೆ

ನುರಿತ ಆಟಗಾರರ ಬೆರಳುಗಳು ತಾವೇ ಆಡುತ್ತವೆ, ಮನಸ್ಸು ಮಾತ್ರ ಎಲ್ಲೋ ಇರುತ್ತದೆ. ಆಡುತ್ತಲೇ ಯಾರೊಂದಿಗಾದರೂ ಹರಟಲು ಸಾಧ್ಯವಾಗುತ್ತಿದೆ ಎಂದರೆ ಆಟ ಸಲೀಸಾಗಿದೆ ಎಂದರ್ಥ. ಒಂದೆರಡು ಲೆವೆಲ್ ಏರಿಸಿ, ಒಂದರ ಬದಲು ಮುಂದಿನ ಎರಡು ಬ್ಲಾಕಿಗೆ ಜಾಗ ಹುಡುಕಿ. ಇದಕ್ಕೆ ತಿರುಗಾಮುರುಗಾ ತೊಂದರೆ ಹೊಸಬರದ್ದು. ನಿಮಿಷಕ್ಕೊಮ್ಮೆ ಆಟ ಮುಗಿದು ಸಿಟ್ಟು ಬರುತ್ತದೆ, ಮತ್ತೆ ಶುರುವಾಗುವ ಆ ಬಿಡುವಿನಲ್ಲಿ ಹಳೆಯ ಚಿತ್ರ ಒಳಗೆ ಬರುತ್ತದೆ. ಅವರು ವೇಗ ಇಳಿಸಬೇಕು.

ನೆನಪಿಸಿಕೊಳ್ಳುವ ಹಂತದಲ್ಲಿ ಇಡೀ ಘಟನೆಯನ್ನು ಮೊದಲಿಂದ ಕೊನೆಯವರೆಗೆ ಓಡಿಸುವುದು ಇನ್ನೊಂದು ತಪ್ಪು. ಬೇಕಾಗಿರುವುದು ಒಂದು ಚಿತ್ರ, ಕೆಲವು ಸೆಕೆಂಡು. ಅದಕ್ಕಿಂತ ಹೆಚ್ಚಾದರೆ ಕೈ ನಡುಗಿ ಆಟವೇ ಸಾಗುವುದಿಲ್ಲ.

ಚಿತ್ರ ಬಂದಾಗಲೆಲ್ಲ ಫೋನ್ ಎತ್ತಿಕೊಂಡು ರಾತ್ರಿ ಎರಡರವರೆಗೆ ಆಡುವುದಂತೂ ತೀರ ಅಪಾಯ. ಅಲ್ಲಿ ನಡೆಯುವುದು ಬರೀ ತಪ್ಪಿಸಿಕೊಳ್ಳುವಿಕೆ, ಜೊತೆಗೆ ನಿದ್ರೆಯೂ ಹಾಳು. ಹಾಸಿಗೆಯ ಮೇಲೆ ಆಡಬೇಡಿ.

ಒಬ್ಬರೇ ಮಾಡಬಾರದ ಸಂದರ್ಭ

ಸಾಯುವ ಯೋಚನೆ ಬರುತ್ತಿದ್ದರೆ, ಹಿಂಸೆ ಮನೆಯಲ್ಲಿ ಇನ್ನೂ ನಡೆಯುತ್ತಿದ್ದರೆ, ನೆನಪು ಬಂದಾಗ ತಾನೆಲ್ಲಿದ್ದೇನೆ ಎಂಬ ಅರಿವೇ ತಪ್ಪುತ್ತಿದ್ದರೆ, ಬಾಲ್ಯದಲ್ಲಿ ವರ್ಷಗಟ್ಟಲೆ ನಡೆದ ದೌರ್ಜನ್ಯವಾಗಿದ್ದರೆ ಈ ಕ್ರಮವನ್ನು ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಜೊತೆಗಲ್ಲದೆ ಮಾಡಬೇಡಿ. ಸಾಯುವ ಯೋಚನೆಯಿದ್ದರೆ ಆಟವನ್ನು ಬದಿಗಿಟ್ಟು ಇವತ್ತೇ ಒಬ್ಬರಿಗೆ ಹೇಳಿ. ಮಿಣುಕುವ ಬೆಳಕಿಗೆ ಮೂರ್ಛೆ ಬರುವವರು ವೈದ್ಯರನ್ನು ಕೇಳಿಯೇ ಆಡಬೇಕು.

ಆಡುವಾಗ ಅಥವಾ ಆಡಿದ ಮೇಲೆ ಮೈ ಮರಗಟ್ಟಿದಂತಾದರೆ, ಉಸಿರು ಹತೋಟಿಗೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡೂ ಪಾದ ನೆಲಕ್ಕೊತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ, ಇವತ್ತಿನ ತಾರೀಖು ಹೇಳಿ. ಮರುದಿನವೇ ಮತ್ತೆ ಪ್ರಯತ್ನಿಸಬೇಡಿ.

ಘಟನೆಯಾಗಿ ಒಂದು ತಿಂಗಳು ಕಳೆದರೂ ಚಿತ್ರಗಳು, ಬೆಚ್ಚಿಬೀಳುವುದು, ಆ ಜಾಗದತ್ತ ಹೋಗಲಾರದ ಭಯ ಉಳಿದಿದ್ದರೆ ಪಿಟಿಎಸ್‌ಡಿ ಇದೆಯೇ ಎಂದು ತಪಾಸಣೆ ಮಾಡಿಸಿಕೊಳ್ಳಿ. ಅದಕ್ಕೆ ಆಘಾತವನ್ನೇ ಗುರಿಯಾಗಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ), ಇಎಂಡಿಆರ್‌ನಂಥ (ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಆಚೀಚೆ ಆಡಿಸುವ) ಚಿಕಿತ್ಸೆಗಳಿವೆ, ಆಟ ಅವುಗಳ ಜಾಗ ತುಂಬುವುದಿಲ್ಲ. ಹೋಗುವಾಗ ಗೆರೆ ಎಳೆದ ಹಾಳೆಗಳನ್ನು ಕೊಂಡೊಯ್ಯಿರಿ. ಯಾವ ಚಿತ್ರ, ದಿನದ ಯಾವ ಹೊತ್ತಿಗೆ, ಎಷ್ಟು ಸಲ ಎಂಬುದು ಅಲ್ಲಿ ಬರೆದೇ ಇರುವುದರಿಂದ ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಕಷ್ಟ ಮೊದಲ ಭೇಟಿಯಲ್ಲಿ ಅಷ್ಟರಮಟ್ಟಿಗೆ ತಪ್ಪುತ್ತದೆ.