ರೆಫರಿ ಇಲ್ಲದ ಫುಟ್‌ಬಾಲ್: ಎರಿ ನೆಲದ ಲೆಕ್ಕಾಚಾರ

“ರೆಫರಿ ಇಲ್ದ ಆಡಸ್ತೀರಿ? ಹತ್ತು ನಿಮಿಷಕ್ಕ ಹೊಡದಾಟ ಆಗತೈತ್ರಿ ಸರ್.” ಹುಬ್ಬಳ್ಳಿಯ ಕೋಚ್‌ಗಳು, ಪಿಟಿ ಮಾಸ್ತರರು, ದುಡ್ಡು ಕೊಡಬೇಕಾದವರು ಎಲ್ಲರೂ ಹೇಳಿದ್ದು ಇದನ್ನೇ. ಈಗ ಹಳೇ ಹುಬ್ಬಳ್ಳಿ ಕಡೆಯ ಒಂದು ಬಯಲಿನಲ್ಲಿ, ಗದಗ-ಬೆಟಗೇರಿಯ ಇನ್ನೊಂದರಲ್ಲಿ ಸೀಟಿ ಊದದೆ ಆಟ ನಡೆಯುತ್ತಿದೆ. ಗಾರೆ ಕೆಲಸದವರ, ಹಮಾಲರ, ಗುಜರಿ ಆಯುವವರ ಮಕ್ಕಳು. ಹನ್ನೊಂದರಿಂದ ಹದಿನಾರರ ವಯಸ್ಸು. ಬೇಡವೆಂದ ಕೋಚ್‌ಗಳೇ ಇಬ್ಬರು ಮೂವರು ಈಗ ಬಂದು ನೋಡಿಕೊಂಡು ಹೋಗುತ್ತಾರೆ.

ಫುಟ್‌ಬಾಲ್ ಆಡಿಸುತ್ತಲೇ ಮಕ್ಕಳಿಗೆ ಜೀವನ ಕೌಶಲ ಕಲಿಸುವ ಈ ಕೆಲಸದಲ್ಲಿ ಇರುವವರಿಗೆ ಪದ್ಧತಿ ಗೊತ್ತೇ ಇದೆ: ಫುಟ್‌ಬಾಲ್ ತ್ರೀ, ಅಂದರೆ ಮೂರು ಹಂತದ ಆಟ. 1994ರ ವಿಶ್ವಕಪ್ಪಿನಲ್ಲಿ ತನ್ನದೇ ಗೋಲಿಗೆ ಚೆಂಡು ಹೊಡೆದ ಕೊಲಂಬಿಯಾದ ಆಟಗಾರ ಆಂದ್ರೆಸ್ ಎಸ್ಕೊಬಾರ್ ಊರಿಗೆ ಮರಳಿದ ಮೇಲೆ ಕೊಲೆಯಾದನಲ್ಲ, ಆ ಮೆಡೆಲಿನ್ ಊರಿನ ಓಣಿಗಳಲ್ಲಿ ಬೇರುಬಿಟ್ಟದ್ದು. ಮೊದಲು ಮಾತು, ನಡುವೆ ಆಟ, ಕೊನೆಗೆ ಮತ್ತೆ ಮಾತು. ಸಿದ್ಧಾಂತ ಇಷ್ಟು ಸಾಕು. ಒತ್ತಾಯಕ್ಕೆ ‘ಒಲ್ಲೆ’ ಅನ್ನುವುದು, ಸಿಟ್ಟು ನಿಭಾಯಿಸುವುದು, ಇಂಥ ಜೀವನ ಕೌಶಲವನ್ನು ಆಟ ಮುಗಿದ ಮೇಲೆ ಕೂರಿಸಿ ಹೇಳಿದರೆ ಯಾರ ಕಿವಿಗೂ ಹೋಗುವುದಿಲ್ಲ. ಆಟದ ನಿಯಮದೊಳಗೇ ಅದನ್ನು ಹೊಲಿದುಬಿಡಬೇಕು. ಹೊಲಿಯುವಾಗ ಎಲ್ಲೆಲ್ಲಿ ದಾರ ಕಡಿಯುತ್ತದೆ ಅನ್ನುವುದೇ ಮುಂದಿನ ಮಾತು.

ಮೊದಲು ನೆಲ. ಕಲಘಟಗಿ ಕಡೆಯ ಕೆಂಪು ಮಣ್ಣಿನವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರಿ (ಕಪ್ಪು) ಮಣ್ಣು ಮಳೆಯಲ್ಲಿ ಅಂಗಾಲಿಗೆ ಹೆಂಟೆಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ, ಮಾರ್ಚಿಗೆ ಪಾದ ಸಿಕ್ಕಿಬೀಳುವಷ್ಟು ಬಿರಿಯುತ್ತದೆ. ಕಾಲು ಉಳುಕುವುದು ಮಳೆಯಲ್ಲಲ್ಲ, ಈ ಬಿರುಕಿನಲ್ಲಿ. ಮರಳು ಸುರಿದರೆ ಒಂದೇ ಮಳೆಗಾಲದಲ್ಲಿ ಎರಿ ಅದನ್ನು ನುಂಗುತ್ತದೆ, ದುಡ್ಡು ದಂಡ. ಗರಸೇ (ಕಲ್ಲುಹರಳು ಬೆರೆತ ಗಟ್ಟಿ ಮಣ್ಣು) ಬೇಕು. ಐವರ ಆಟಕ್ಕೆ 25 ಮೀಟರ್ ಉದ್ದ, 15 ಮೀಟರ್ ಅಗಲ ಸಾಕು. ಮೂರು ಇಂಚು ಗಟ್ಟಿ ಪದರ ಉಳಿಯಬೇಕಾದರೆ ಸಡಿಲ ಗರಸು ನಾಲ್ಕು ಇಂಚು ಹಾಕಬೇಕು; ಹನ್ನೆರಡು ಟ್ರೇಲರ್ ಬಂತು, ಟ್ರೇಲರಿಗೆ ಹದಿನೈದು ನೂರರಂತೆ ಹದಿನೆಂಟು ಸಾವಿರ. ನಡುವೆ ಮೂರು ಇಂಚು ಎತ್ತರ ಬಿಟ್ಟು ಎರಡೂ ಬದಿಗೆ ಇಳಿಜಾರು ಕೊಡಿ. ನೀರು ಹೊಡೆದು, ಮರುದಿನ ರೋಲರ್ ಎಳೆಸಿ. ಹಸಿ ಇರುವಾಗಲೇ ಎಳೆದರೆ ಗರಸು ರೋಲರಿಗೆ ಅಂಟಿ ಮೇಲೇಳುತ್ತದೆ. ಮೇಲಿನ ಒಂದು ಇಂಚಿಗೆ ಜರಡಿ ಹಿಡಿದ ಗರಸನ್ನೇ ಹಾಕಿ, ಇಲ್ಲವಾದರೆ ಮಕ್ಕಳ ಮೊಣಕಾಲಿಗೆ ದಿನಾ ಟಿಂಚರ್ ಹಚ್ಚುತ್ತ ಕೂರಬೇಕಾಗುತ್ತದೆ.

ಗೆರೆಗೆ ಸುಣ್ಣ ಹಾಕಬೇಡಿ. ಸರಿಯಾಗಿ ಅರಳದ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಬರಿಗಾಲಿನ ಚರ್ಮವೂ ಸುಡುತ್ತದೆ. ಮಂಚಕ್ಕೆ ಹಾಕುವ ನವಾರ ಪಟ್ಟಿ ತಂದು, ಎರಡು ಇಂಚು ಆಳದ ಕಾಲುವೆ ತೆಗೆದು, ಮೊಳೆಯನ್ನು ತಳದಲ್ಲಿ ಬಡಿದು, ಪಟ್ಟಿಯ ಅಂಚು ಮಾತ್ರ ಕಾಣುವಂತೆ ಮಣ್ಣು ಮುಚ್ಚಿದರೆ ಒಂದು ಸೀಸನ್ ಬಾಳುತ್ತದೆ.

ಚೆಂಡು. ಜಲಂಧರ್, ಮೀರತ್‌ನಿಂದ ಬರುವ ಹೊಲಿಗೆಯ ಚೆಂಡು ಗರಸಿನ ಮೇಲೆ ಎರಡು ತಿಂಗಳಿಗೆ ಹೊಲಿಗೆ ಬಿಡುತ್ತದೆ. ಅಚ್ಚಿನ ರಬ್ಬರ್ ಚೆಂಡು ನೋಡಲು ಚಂದವಿಲ್ಲ, ಪುಟಿತವೂ ಹೆಚ್ಚು; ಆದರೆ ವರ್ಷ ಬಾಳುತ್ತದೆ. ಹನ್ನೆರಡರ ಒಳಗಿನವರಿಗೆ ನಾಲ್ಕನೇ ಸೈಜು, ಮೇಲಿನವರಿಗೆ ಐದನೆಯದು. ಗಾಳಿ ಎಂಟೊಂಬತ್ತು ಪಿಎಸ್‌ಐ ಸಾಕು, ಪುಟಿತ ತಾನೇ ತಗ್ಗುತ್ತದೆ. ಪಂಪಿನ ಸೂಜಿಗೆ ಗ್ಲಿಸರಿನ್ ಹಚ್ಚದೆ ಒಣಗಿದ್ದನ್ನೇ ಚುಚ್ಚುವುದರಿಂದಲೇ ಅರ್ಧಕ್ಕರ್ಧ ಚೆಂಡು ಸಾಯುವುದು. ಉಳಿದ ಅರ್ಧವನ್ನು ಬಳ್ಳಾರಿ ಜಾಲಿ, ನೆಗ್ಗಿನ ಮುಳ್ಳು ನೋಡಿಕೊಳ್ಳುತ್ತವೆ. ಮುಳ್ಳು ಚುಚ್ಚಿದ ರಬ್ಬರ್ ಚೆಂಡನ್ನು ಇಪ್ಪತ್ತು ರೂಪಾಯಿಯೊಳಗೆ ಮತ್ತೆ ಆಡಲು ಬರುವ ಹಾಗೆ ಮಾಡುವ ಉಪಾಯ ಒಂದಿದೆ. ಕೇಶ್ವಾಪುರ ಕಡೆಯ ಒಬ್ಬ ಪಂಕ್ಚರ್ ಮೇಸ್ತ್ರಿಯದು ಅದು, ಅವರ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಬೂಟು ಹಾಕಿದವನನ್ನು ಬರಿಗಾಲಿನವನ ಎದುರು ಇಳಿಸಬೇಡಿ. ಎಲ್ಲರೂ ಬರಿಗಾಲು, ಇಲ್ಲವೇ ಎಲ್ಲರೂ ಕ್ಯಾನ್ವಾಸ್. ಸರ್ಕಾರಿ ಶಾಲೆಯಲ್ಲಿ ಕೊಡುವ ಕಪ್ಪು ಬೂಟು ಗರಸಿನ ಮೇಲೆ ಜಾರುತ್ತದೆ, ಹರಿದರೆ ಮನೆಯಲ್ಲಿ ಬೈಸಿಕೊಳ್ಳುವುದು ಮಗು.

ಇನ್ನು ಆಟ. ಮೊದಲ ಮಾತು ಹತ್ತು ನಿಮಿಷ, ಆಟ ಏಳೇಳು ನಿಮಿಷದ ಎರಡು ಭಾಗ, ಕೊನೆಯ ಮಾತು ಹನ್ನೆರಡು-ಹದಿನೈದು ನಿಮಿಷ. ಮೊದಲ ಮಾತಿನಲ್ಲಿ ಎರಡೂ ತಂಡ ಸೇರಿ ಮೂರು ನಿಯಮ ಗೊತ್ತುಮಾಡುತ್ತವೆ. ಮೂರೇ. ಐದು ಮಾಡಿದರೆ ಒಂದೂ ನೆನಪಿರುವುದಿಲ್ಲ, ಆಟ ನಿಲ್ಲಿಸಿ ನಿಲ್ಲಿಸಿ ಜಗಳ. ಮಾತು ನಿಂತುಕೊಂಡೇ ಆಗಬೇಕು, ತಂಡಗಳು ಬೆರೆತು ನಿಲ್ಲಬೇಕು. ಕೂತರೆ ಅದು ಶಾಲೆಯ ಪ್ರಾರ್ಥನೆಯಾಗುತ್ತದೆ, ದೊಡ್ಡವರ ಬಾಯಿ ತಾನಾಗಿ ತೆರೆಯುತ್ತದೆ. ತಿಂಡಿಯನ್ನು ಕೊನೆಯ ಮಾತಿಗೆ ಮೊದಲೇ ಕೊಡಿ: ಶೇಂಗಾ ಉಂಡಿ, ನೆನೆಸಿದ ಕಡ್ಲಿ, ಸಾಧ್ಯವಾದರೆ ಮೊಟ್ಟೆ. ನಂತರ ಕೊಡುತ್ತೇವೆಂದರೆ ಹಸಿದ ಮಕ್ಕಳು “ಎಲ್ಲಾ ಛಲೋ ಆತ್ರಿ” ಎಂದು ಎರಡೇ ನಿಮಿಷದಲ್ಲಿ ಮುಗಿಸುತ್ತಾರೆ.

ಅಂಕ: ಗೆಲುವಿಗೆ ಮೂರು, ಸಮಕ್ಕೆ ಎರಡು, ಸೋಲಿಗೆ ಒಂದು. ಮೇಲೆ ನಡವಳಿಕೆಗೆ ಮೂರರವರೆಗೆ, ಎದುರು ತಂಡ ಕೊಡಬೇಕು. ಇಲ್ಲೇ ಪದ್ಧತಿ ಮುಗ್ಗರಿಸುತ್ತದೆ. “ನೀವು ನಮಗ ಮೂರು ಕೊಡ್ರಿ, ನಾವು ನಿಮಗ ಮೂರು” ಎಂಬ ಒಳ ಒಪ್ಪಂದ ಎರಡನೇ ವಾರಕ್ಕೇ ಶುರುವಾಗುತ್ತದೆ. ನಮ್ಮ ಮಕ್ಕಳಿಗೆ ಎಪಿಎಂಸಿ ಗೊತ್ತು, ಚೌಕಾಸಿ ಕಲಿಸಬೇಕಿಲ್ಲ. ಮದ್ದು ಇಷ್ಟು: ಅಂಕ ಕೊಡುವ ತಂಡವು ಎದುರು ತಂಡದಲ್ಲಿ ಯಾರು, ಯಾವಾಗ, ಏನು ಮಾಡಿದರು ಎಂದು ಒಂದೊಂದು ಘಟನೆ ಹೇಳಬೇಕು. ಘಟನೆ ಇಲ್ಲದ ಅಂಕ ಇಲ್ಲ. ಇದರಿಂದ ಮುಕ್ಕಾಲು ಪಾಲು ವ್ಯಾಪಾರ ನಿಂತಿತು. ಉಳಿದ ಕಾಲು ಪಾಲಿಗೆ ಇನ್ನೊಂದು ಕೀಲಿ ಇದೆ. ಅದನ್ನು ಬರೆದರೆ ನಮ್ಮ ಮಕ್ಕಳೇ ಓದಿ ಒಡೆಯುತ್ತಾರೆ.

ಮೆಡೆಲಿನ್‌ನಲ್ಲಿ ಮೊದಲ ಗೋಲನ್ನು ಹುಡುಗಿಯೇ ಹೊಡೆಯಬೇಕೆಂಬ ನಿಯಮವಿತ್ತು. ಇಲ್ಲಿ ಹಾಗೇ ತಂದರೆ ಹುಡುಗರು ಒಬ್ಬಳನ್ನು ಗೋಲಿನ ಬಾಯಲ್ಲಿ ನಿಲ್ಲಿಸಿ, ಕಾಲಿಗೆ ಚೆಂಡು ತಾಗಿಸಿ, ಶಾಸ್ತ್ರ ಮುಗಿಸಿ, ಆಮೇಲೆ ಆಟ ಮುಗಿಯುವ ತನಕ ಅವಳಿಗೆ ಪಾಸೇ ಕೊಡುವುದಿಲ್ಲ. ಬದಲಾಯಿಸಿದ ನಿಯಮ: ಗೋಲು ಹೊಡೆದ ಹುಡುಗನ ಮುಂದಿನ ಗೋಲು, ತನ್ನ ತಂಡದ ಹುಡುಗಿಯೊಬ್ಬಳು ಹೊಡೆಯುವ ತನಕ ಲೆಕ್ಕಕ್ಕಿಲ್ಲ. ಈಗ ಚೆನ್ನಾಗಿ ಆಡುವ ಹುಡುಗನಿಗೇ ಹುಡುಗಿಯ ಆಟ ಸುಧಾರಿಸುವ ಗರಜು ಬೀಳುತ್ತದೆ. ಅವನೇ ಅವಳಿಗೆ ಒಳಪಾದದ ಹೊಡೆತ ಕಲಿಸುತ್ತಾನೆ. ಸಮಾನತೆಯ ಬಗ್ಗೆ ನಾವು ಮಾತಾಡುವ ಅಗತ್ಯವೇ ಬೀಳಲಿಲ್ಲ.

ಹುಡುಗಿಯರು ಬಿಟ್ಟುಹೋಗುವುದು ಆಟದಿಂದಲ್ಲ. ಬೆಳಿಗ್ಗೆ ನೀರು, ರೊಟ್ಟಿ, ತಮ್ಮ ತಂಗಿಯರು. ಆದ್ದರಿಂದ ಬೆಳಗಿನ ಹೊತ್ತು ಇಡಬೇಡಿ. ಸಂಜೆ ನಾಲ್ಕೂವರೆಯಿಂದ ಐದೂಮುಕ್ಕಾಲು, ದೀಪ ಹಚ್ಚುವ ಮುಂಚೆ ಮನೆ. ಚಡ್ಡಿಯ ತಕರಾರಿಗೆ ಉದ್ದ ಟ್ರ್ಯಾಕ್ ಪ್ಯಾಂಟು, ಸಡಿಲ ಟೀ ಶರ್ಟು. ಮೈದಾನದಿಂದ ನೂರು ಹೆಜ್ಜೆಯೊಳಗೆ ಬೀಗ ಹಾಕಬಹುದಾದ ಶೌಚಾಲಯ, ಅದರ ಕೀಲಿ ಹುಡುಗಿಯರ ಕೈಯಲ್ಲಿ. ಇದು ಇಲ್ಲದಿದ್ದರೆ ಎಂಥ ಕೋಚ್ ತಂದರೂ ತಿಂಗಳಿಗೆ ಐದಾರು ದಿನ ಹಾಜರಿ ಬೀಳುತ್ತದೆ. ಮತ್ತು ಅಕ್ಕ ಒಬ್ಬಳು ಬೇಕೇ ಬೇಕು. ಮಹಿಳಾ ಕೋಚ್ ಇಲ್ಲದ ದಿನ ಹುಡುಗಿಯರ ಅಭ್ಯಾಸ ಇಲ್ಲ, ಇದಕ್ಕೆ ವಿನಾಯಿತಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಜೀವನ ಕೌಶಲ ಹತ್ತು. ಹತ್ತನ್ನೂ ಒಂದೇ ವರ್ಷಕ್ಕೆ ತುರುಕಿದರೆ ಚಾರ್ಟು ಗೋಡೆಯ ಮೇಲೆ ಉಳಿಯುತ್ತದೆ. ನಾಲ್ಕು ಸಾಕು, ಒಂದೊಂದಕ್ಕೆ ಐದಾರು ವಾರ. ಉದಾಹರಣೆಗೆ ಗೆಳೆಯರ ಒತ್ತಾಯಕ್ಕೆ ‘ಒಲ್ಲೆ’ ಅನ್ನುವುದು. ನಾಲ್ವರ ಗುಂಪು, ಒಬ್ಬನ ಬಳಿ ಚೆಂಡು, ಮೂರು ಸೆಕೆಂಡು ಸಮಯ. ಇಬ್ಬರು “ಕೊಡಲೇ, ಇಲ್ಲಿ ಕೊಡಲೇ” ಎಂದು ಕೂಗುತ್ತಾರೆ, ಇಬ್ಬರೂ ತೆರವಾಗಿಲ್ಲ, ಪಾಸಿಗೆ ಅಡ್ಡಿ ಇದೆ. ನಾಲ್ಕನೆಯವ ಬಾಯಿ ಬಿಡುವುದಿಲ್ಲ, ಆದರೆ ತೆರವಾಗಿರುವುದು ಅವನೇ. ಮೊದಲ ದಿನ ಹತ್ತರಲ್ಲಿ ಎಂಟು ಪಾಸು ಕೂಗಿದವನಿಗೇ ಹೋಗುತ್ತವೆ. ಕೊನೆಯ ಮಾತಿಗೆ ಒಂದೇ ಪ್ರಶ್ನೆ: ಮೊದಲ ಗುಟ್ಕಾ ಕೊಟ್ಟವರು ಯಾರು? ಗುರುತಿಲ್ಲದವರು ಯಾರೂ ಕೊಟ್ಟಿರುವುದಿಲ್ಲ, ಗೆಳೆಯನೇ ಕೊಟ್ಟಿರುತ್ತಾನೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಅಂಗಡಿಯಲ್ಲಿ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಅಂಗೈಯಲ್ಲಿ ಕಲಸಿದರೆ ಅದೇ. ಇದನ್ನು ಮಕ್ಕಳೇ ವಿವರಿಸುತ್ತಾರೆ, ಭಾಷಣ ಬೇಡ.

ಸಿಟ್ಟು ನಿಭಾಯಿಸಲು ‘ತಪ್ಪು ತೀರ್ಪು’ ಆಟ: ನಾಲ್ಕು ನಿಮಿಷ ಮಧ್ಯಸ್ಥ (ರೆಫರಿಯಲ್ಲ, ಮಕ್ಕಳ ಮಾತು ನಡೆಸಿಕೊಡುವವರು) ಬೇಕಂತಲೇ ಒಂದು ತಂಡದ ವಿರುದ್ಧ ಹೇಳುತ್ತ ಹೋಗಬೇಕು. ಎರಡು ತಿಂಗಳ ಮೊದಲು ಇದನ್ನು ಮುಟ್ಟಬೇಡಿ. ಪರಸ್ಪರ ನಂಬಿಕೆ ಹುಟ್ಟದೆ ಆಡಿಸಿದರೆ ಸಿಟ್ಟು ಮೈದಾನ ದಾಟಿ ಓಣಿಗೆ ಹೋಗುತ್ತದೆ, ಅಲ್ಲಿ ಅಣ್ಣಂದಿರು ಸೇರುತ್ತಾರೆ.

ಮಧ್ಯಸ್ಥರು ಹದಿನಾರು-ಹತ್ತೊಂಬತ್ತರ ಹುಡುಗ ಹುಡುಗಿಯರು, ಹನ್ನೆರಡು ಮಕ್ಕಳಿಗೆ ಒಬ್ಬರು. ಚೆನ್ನಾಗಿ ಆಡುವವನನ್ನು ಆರಿಸಬೇಡಿ, ಅವನಿಗೆ ಆಡುವುದೇ ಬೇಕಾಗಿರುತ್ತದೆ. ಆಟ ಮುಗಿದ ಮೇಲೆ ಹೇಳದೆಯೂ ಬಿಬ್ (ತಂಡದ ಗುರುತಿಗೆ ಹಾಕುವ ತೋಳಿಲ್ಲದ ಮೇಲಂಗಿ) ಎಣಿಸಿ ಚೀಲಕ್ಕೆ ಹಾಕುವವಳನ್ನು ಆರಿಸಿ. ಹದಿನೆಂಟಾದ ಕೂಡಲೇ ಹುಡುಗರು ಪೊಲೀಸ್ ಭರ್ತಿ, ಸೇನೆ ಭರ್ತಿ ಎಂದು ಮಾಯವಾಗುತ್ತಾರೆ. ಅವರೊಡನೆ ಕೊಡುಕೊಳ್ಳುವಿಕೆ ಮಾಡಿಕೊಳ್ಳಬಹುದು: ಬೆಳಿಗ್ಗೆ ಅವರಿಗೆ ಭರ್ತಿಗೆ ಬೇಕಾದ 1,600 ಮೀಟರ್ ಓಟದ ತಯಾರಿ ನಾವು ಮಾಡಿಸುತ್ತೇವೆ, ಸಂಜೆ ಅವರು ಮಧ್ಯಸ್ಥರಾಗಬೇಕು. ಇದಕ್ಕೆ ಖರ್ಚು ಒಂದು ಸ್ಟಾಪ್‌ವಾಚು.

ಪಕ್ಕದ ಪ್ರಯೋಗವೊಂದು. ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಿಂದ ನಡೆಯುತ್ತಿರುವ ಲೀಗಿನಲ್ಲಿ ಓಣಿ ಸ್ವಚ್ಛ ಮಾಡಿದ ತಂಡಕ್ಕೂ ಅಂಕ. ಅದನ್ನು ಇಲ್ಲಿ ತೂಕದ ಲೆಕ್ಕದಲ್ಲಿ ಮಾಡಿದಾಗ ತಂಡಗಳು ಪಕ್ಕದ ವಾರ್ಡಿನ ಕಸ ಹೊತ್ತು ತಂದವು. ಗುಜರಿ ಅಂಗಡಿಯಿಂದ ಕಡ ತಂದು ತೂಗಿಸಿ ಮರಳಿಸಿದವರೂ ಉಂಟು. ತೂಕ ಬಿಟ್ಟು, ಗಟಾರದ ಇಂತಿಷ್ಟು ಉದ್ದ ಎಂದು ಅಳತೆ ಇಟ್ಟ ಮೇಲೆ ನೆಟ್ಟಗಾಯಿತು. ಆದರೂ ಮಳೆಗಾಲದಲ್ಲಿ ಮಕ್ಕಳನ್ನು ಗಟಾರಕ್ಕೆ ಇಳಿಸುವುದು ಸರಿಯಲ್ಲವೆಂದು ಕೈಬಿಟ್ಟೆವು.

ಕ್ಯಾಲೆಂಡರನ್ನು ಶಾಲೆಯ ಪ್ರಕಾರ ಹಾಕಿದರೆ ಕೆಡುತ್ತದೆ. ದುಡಿಮೆಯ ಪ್ರಕಾರ ಹಾಕಿ. ಹಾವೇರಿ, ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಹಚ್ಚುವ ಕೆಲಸ) ಶುರುವಾದರೆ ಹುಡುಗಿಯರು ಬರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದರೆ ಅವ್ವಂದಿರು ತೊಟ್ಟು ಬಿಡಿಸಲು ಹೋಗುತ್ತಾರೆ, ಮನೆ ಮಕ್ಕಳ ಮೇಲೆ. ಹುಬ್ಬಳ್ಳಿಯಲ್ಲಿ ಗಣಪತಿಯ ಹನ್ನೊಂದು ದಿನ ಚೆಂಡನ್ನು ಚೀಲದಿಂದ ತೆಗೆಯಲೇಬೇಡಿ.

ದುಡ್ಡು. 48 ಮಕ್ಕಳಿಗೆ ಮೊದಲ ವರ್ಷ, ನೆನಪಿನಿಂದ ಹೇಳುವುದಾದರೆ: ಗರಸು ಹದಿನೆಂಟು ಸಾವಿರ, ಜಿಐ ಪೈಪಿನ ನಾಲ್ಕು ಗೋಲು ಕಂಬದ ಜೋಡಿ ಹದಿನಾರು, ಎರಡು ಡಜನ್ ಚೆಂಡು ಹನ್ನೊಂದರ ಹತ್ತಿರ, ಕ್ಯಾನ್ವಾಸ್ ಹದಿಮೂರೂವರೆ, ಬಿಬ್ ಮತ್ತು ಕೋನ್ ಆರು, ಔಷಧದ ಡಬ್ಬಿ ನಾಲ್ಕು. ತಿಂಡಿ ತಲೆಗೆ ಎಂಟು ರೂಪಾಯಿಯಂತೆ ಇಪ್ಪತ್ತೊಂಬತ್ತು. ಅಕ್ಕನಿಗೆ ತಿಂಗಳಿಗೆ ಆರು ಸಾವಿರ, ನಾಲ್ವರು ಮಧ್ಯಸ್ಥರಿಗೆ ಎರಡೂವರೆ ಸಾವಿರದಂತೆ, ಹತ್ತು ತಿಂಗಳು: ಅದೇ ಒಂದು ಲಕ್ಷದ ಅರವತ್ತು ಸಾವಿರ. ಎಲ್ಲ ಸೇರಿ ಎರಡು ಲಕ್ಷದ ಐವತ್ತೇಳು-ಐವತ್ತೆಂಟು ಸಾವಿರ. ಮಗುವಿಗೆ ಐದು ಸಾವಿರದ ಮೇಲೆ ಸ್ವಲ್ಪ. ಎರಡನೇ ವರ್ಷ ನೆಲ, ಕಂಬ ಬಿಟ್ಟರೆ ನಾಲ್ಕೂವರೆ ಸಾವಿರದ ಸುತ್ತ.

ಕಂಪನಿ ಕಾಯ್ದೆಯ 135ನೇ ಕಲಮಿನ ದುಡ್ಡಿಗೆ (ಸಿಎಸ್‌ಆರ್, ಕಂಪನಿಗಳು ಸಾಮಾಜಿಕ ಕೆಲಸಕ್ಕೆ ತೆಗೆದಿಡುವ ಹಣ) ಕೈಚಾಚುವವರಿಗೆ ಒಂದು ಮಾತು. ಗ್ರಾಮೀಣ ಕ್ರೀಡೆಯ ತರಬೇತಿ ಆ ಕಾಯ್ದೆಯ ಏಳನೇ ಪರಿಶಿಷ್ಟದಲ್ಲೇ ಇದೆ, ಅರ್ಜಿಗೆ ಅಡ್ಡಿಯಿಲ್ಲ. ಜೆರ್ಸಿಗೆ ಕೇಳಿದರೆ ವಾರದಲ್ಲಿ ಸಿಗುತ್ತದೆ, ಎದೆಯ ಮೇಲೆ ಲೋಗೊ ಇರುತ್ತದಲ್ಲ. ಮಧ್ಯಸ್ಥರ ಗೌರವಧನಕ್ಕೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ. ಮತ್ತು ಹಣ ಬರುವುದು ಮಾರ್ಚ್ ಕೊನೆಗೆ, ಬಿಸಿಲು ನೆತ್ತಿ ಸುಡುವಾಗ, ತಿಂಗಳೊಳಗೆ ಖರ್ಚು ತೋರಿಸಿ ಎಂಬ ಷರತ್ತಿನೊಡನೆ. ಆದ್ದರಿಂದ ಆರು ತಿಂಗಳ ಗೌರವಧನ ಮೊದಲೇ ಬೇರೆ ಕಡೆಯಿಂದ ಕೂಡಿಟ್ಟುಕೊಂಡೇ ಶುರುಮಾಡಿ.

ದುಡ್ಡು ಕೊಟ್ಟವರು ಪ್ರಶ್ನಾವಳಿ ಕಳಿಸುತ್ತಾರೆ, ಮೊದಲು ಒಂದು, ಕೊನೆಗೆ ಒಂದು. ಮಕ್ಕಳು ಎರಡರಲ್ಲೂ ‘ಸರಿ’ ಉತ್ತರವನ್ನೇ ತುಂಬುತ್ತಾರೆ. ನಮ್ಮ ಅಳತೆ ಬೇರೆ: ಎಷ್ಟು ಪಂದ್ಯದಲ್ಲಿ ದೊಡ್ಡವರು ನಡುವೆ ಬಾಯಿ ಹಾಕಬೇಕಾಯಿತು? ಮೊದಲ ಸೀಸನ್ನಿನಲ್ಲಿ ಹತ್ತಕ್ಕೆ ಆರೇಳು ಇತ್ತು, ಈಗ ಒಂದು. ಇದನ್ನು ಮಧ್ಯಸ್ಥರೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಎಣಿಸುತ್ತಾರೆ.

ಶುರು ಮಾಡುವವರು ಜೂನ್‌ನಲ್ಲಿ ಮಾಡಬೇಡಿ. ಬೇಸಿಗೆ ಕೊನೆಗೆ ಗರಸು ಹಾಕಿಸಿ, ಮಳೆಗಾಲಪೂರ್ತಿ ಅದು ಕುಳಿತುಕೊಳ್ಳಲಿ, ತಗ್ಗು ಬಿದ್ದಲ್ಲಿ ಮತ್ತೆರಡು ಟ್ರೇಲರ್ ತುಂಬಿ. ಆ ನಾಲ್ಕು ತಿಂಗಳು ಬರೀ ಮಧ್ಯಸ್ಥರನ್ನು ತಯಾರು ಮಾಡಿ. ದಸರಾ ರಜೆ ಮುಗಿದ ಮೇಲೆ ಮಕ್ಕಳನ್ನು ಕರೆಯಿರಿ.