ಕಂಪ್ಯೂಟರ್ ಕಾದು ಹ್ಯಾಂಗ್ ಆಗುತ್ತಿದೆಯಾ? ಮೊದಲು ಧೂಳು ನೋಡಿ

ನಮ್ಮ ಮನೆಯ ಹಳೆ ಡೆಸ್ಕ್‌ಟಾಪ್ ಬೇಸಿಗೆ ಬಂದರೆ ಸಾಕು, ಅರ್ಧ ಗಂಟೆಗೆ ಗಕ್ಕನೆ ನಿಂತುಬಿಡುತ್ತಿತ್ತು. ಮೌಸ್ ಅಲ್ಲಾಡುವುದಿಲ್ಲ, ಫ್ಯಾನ್ ಮಾತ್ರ ಭರ್ರೋ ಅಂತ ತಿರುಗುತ್ತಿರುತ್ತದೆ. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ ಅಂದರು. ನನಗೆ ಯಾಕೋ ನಂಬಿಕೆ ಬರಲಿಲ್ಲ.

ಕಂಪ್ಯೂಟರ್ ಶುರುವಾಗುವಾಗಲೇ ತೆರೆಯುವ ಸೆಟ್ಟಿಂಗ್ಸ್ ಪುಟ, ಅಂದರೆ ಬಯೋಸ್‌ಗೆ ಹೋಗಿ ನೋಡಿದೆ. ಏನೂ ಕೆಲಸವಿಲ್ಲದೆ ಸುಮ್ನೆ ಇದ್ದಾಗಲೇ ಪ್ರೊಸೆಸರ್ 82 ಡಿಗ್ರಿ! ಅಲ್ಲಿ 40-50 ಇದ್ದರೆ ಚಿಂತೆಯಿಲ್ಲ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದೆ. ಫ್ಯಾನ್ ಕೆಳಗೆ ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇರುತ್ತದೆ, ಅದರ ಸಂದುಗಳಲ್ಲಿ ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಗಾಳಿ ಹೋಗುವುದಾದರೂ ಎಲ್ಲಿಂದ? ಒಣಗಿದ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಬಿಡಿಸಿದೆ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಗಿರಗಿರ ತಿರುಗಿ ಬೇರಿಂಗ್ ಹಾಳಾಗಬಹುದು. ಒದ್ದೆ ಬಟ್ಟೆ ಬೇಡವೇ ಬೇಡ.

ಹೀಟ್‌ಸಿಂಕ್ ಬಿಚ್ಚಿದರೆ ಅಡಿಯಲ್ಲಿ, ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಒಮ್ಮೆ ಬಿಚ್ಚಿದ ಮೇಲೆ ಹೊಸ ಪೇಸ್ಟ್ ಹಾಕಲೇಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರ್‌ನ ನಡುವೆ ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟರೆ ಸಾಕು. ಜಾಸ್ತಿ ಮೆತ್ತಿದರೆ ಜಾಸ್ತಿ ತಂಪು ಅಂತೇನಿಲ್ಲ, ಇದು ಬೆಣ್ಣೆ ದೋಸೆ ಅಲ್ವಲ್ಲ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ.

ಈಗ 46 ಡಿಗ್ರಿ. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೂ ಎಳೆದಿದ್ದೇನೆ. ಇಷ್ಟಾದರೂ ನಿಮ್ಮದು ಹ್ಯಾಂಗ್ ಆದರೆ ರ‍್ಯಾಮ್ ಮತ್ತು ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಡಬ್ಬಿ) ನೋಡಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.