ಕುಡಿತ ಬಿಡಲು ಮೀಟಿಂಗ್ ಹುಡುಕುತ್ತಿರುವ ಹೊಸಬರಿಗೆ

ಹೊರದೇಶದಲ್ಲಿ ಕುಡಿಯುವವನಿಗೆ ಒಂದು ಅನುಕೂಲ ಇದೆ. ಕೇಳುವವರಿಲ್ಲ. ಬಾಗಿಲು ಹಾಕಿಕೊಂಡರೆ ಗದರಲು ಅಪ್ಪ ಇಲ್ಲ, ಅಣ್ಣ ಇಲ್ಲ, ಇಣುಕಿ ನೋಡಲು ಪಕ್ಕದ ಮನೆಯವರೂ ಇಲ್ಲ. ನಾನು ಹಾಗೆ ಹನ್ನೊಂದು ವರ್ಷ ಕುಡಿದೆ. ಬಿಟ್ಟು ಆರು ವರ್ಷವಾಯಿತು. ನಡುವೆ ಮಾಡಿಕೊಂಡ ಎಡವಟ್ಟುಗಳನ್ನು ಹೇಳುತ್ತೇನೆ. ನೀವು ಬೇಕಾದರೆ ಹೊಸವನ್ನು ಮಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಡಾಕ್ಟರ್. ದಿನಾ ಜೋರಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ. ನಾನು ಹಟಕ್ಕೆ ಬಿದ್ದು ಒಂದು ಶುಕ್ರವಾರ ರಾತ್ರಿ ಬಾಟಲಿಯನ್ನು ಸಿಂಕಿಗೆ ಸುರಿದೆ. ಶನಿವಾರ ಕೈ ನಡುಗಿತು. ಭಾನುವಾರ ಬೆಳಗ್ಗೆ ಲೋಟ ಹಿಡಿಯಲಾಗಲಿಲ್ಲ, ಮಧ್ಯಾಹ್ನ ಫಿಟ್ಸ್ ಬಂತು. ಮನಸ್ಸು ಗಟ್ಟಿ ಇದ್ದರೆ ಸಾಕು ಅಂದುಕೊಂಡಿದ್ದೆ. ಸಾಲದು. ಹಾಗೆ ಏಕಾಏಕಿ ಬಿಟ್ಟು ಪ್ರಾಣ ಕಳೆದುಕೊಂಡವರಿದ್ದಾರೆ. ಅದಕ್ಕೆ ಔಷಧಿ ಇದೆ, ಕೇಳಿ ತೆಗೆದುಕೊಳ್ಳಿ.

ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಕೂಡಿ ಮಾತಾಡುವ ಮೀಟಿಂಗ್ ಹುಡುಕುವುದು ಸುಲಭ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದದ್ದು ಈಗ ಸುಮಾರು 180 ದೇಶಗಳಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಜಾಗ, ಸಮಯ ಸಿಗುತ್ತದೆ. ಫೀಸ್ ಇಲ್ಲ, ಹೆಸರು ಬರೆಸುವುದಿಲ್ಲ, ಕುಡಿತ ಬಿಡುವ ಆಸೆ ಇದ್ದರೆ ಸಾಕು. ಎಎಯಲ್ಲಿ ದೇವರ ಮಾತು ಬರುತ್ತದೆ, ಅದು ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಸಂಸ್ಥೆ ಇದೆ.

ಪಟ್ಟಿಯಲ್ಲಿ 'ಓಪನ್', 'ಕ್ಲೋಸ್ಡ್' ಅಂತ ಇರುತ್ತದೆ, ಅದನ್ನು ಓದಿ. ನಾನು ಓದಲಿಲ್ಲ. ಹೆಂಡತಿಯನ್ನೂ ಕರೆದುಕೊಂಡು ಹೋದೆ, ಅದು ಕ್ಲೋಸ್ಡ್, ಕುಡಿಯುವವರಿಗೆ ಮಾತ್ರ. ಅವಳು ಒಂದು ಗಂಟೆ ಚಳಿಯಲ್ಲಿ ಕಾರಿನಲ್ಲಿ ಕೂತಳು. ಹನ್ನೊಂದು ವರ್ಷವೂ ಅವಳು ಹಾಗೇ ಹೊರಗೆ ಕಾದಿದ್ದವಳು ಅಂತ ಆಗ ಹೊಳೆಯಲಿಲ್ಲ. ಮನೆಯವರಿಗೇ ಅಂತ ಅಲ್-ಅನಾನ್ ಬೇರೆ ಇದೆ, 1951ರಿಂದ. ಅದನ್ನು ಅವಳೇ ಹುಡುಕಿಕೊಂಡಳು.

ಪರಿಚಯದವರು ಸಿಕ್ಕಿಬಿಟ್ಟರೆ ಅಂತ ನಾನು ಮುಕ್ಕಾಲು ಗಂಟೆ ದೂರದ ಮೀಟಿಂಗ್ ಆರಿಸಿಕೊಂಡಿದ್ದೆ. ದೂರ ಇದ್ದದ್ದೇ ತಪ್ಪಿಸಿಕೊಳ್ಳಲು ನೆಪವಾಯಿತು. ಹತ್ತಿರದ್ದಕ್ಕೆ ಹೋಗಿ. ನಮ್ಮವರು ಕಂಡರೆ ಅವರೂ ನಿಮ್ಮ ಹಾಗೇ ಬಂದವರು, ಅಲ್ವಾ? ಅಲ್ಲಿ ನೋಡಿದ ಮುಖವನ್ನು ಹೊರಗೆ ಯಾರಿಗೂ ಹೇಳಬಾರದು, ಹೆಂಡತಿಗೂ. ಇದು ನಮ್ಮ ಜನಕ್ಕೆ ಸ್ವಲ್ಪ ಕಷ್ಟ.

ಅದಕ್ಕಿಂತ ಕಷ್ಟ ಸುಮ್ನೆ ಕೂರುವುದು. ಎರಡನೇ ವಾರ ಒಬ್ಬ ಹುಡುಗ ಕೆಲಸ ಹೋದದ್ದನ್ನು ಹೇಳಿಕೊಂಡ. ನಾನು ಹಿರಿಯಣ್ಣನ ಹಾಗೆ ಶುರು ಮಾಡಿದೆ: "ನೀನು ಒಂದು ಕೆಲಸ ಮಾಡು..." ಎಲ್ಲರೂ ತಂತಮ್ಮ ಕಾಫಿ ಕಪ್ಪಿನೊಳಗೆ ನೋಡತೊಡಗಿದರು. ಅಲ್ಲಿ ನಿಮ್ಮ ಕತೆ ನೀವು ಹೇಳಬೇಕು ಅಷ್ಟೆ, ಬೇರೆಯವರ ಕತೆಗೆ ಪರಿಹಾರ ಕೊಡುವಂತಿಲ್ಲ.

ಆಮೇಲೆ ಒಬ್ಬರು ಬಂದು "ನಿಮಗೆ ಸ್ಪಾನ್ಸರ್ ಇದ್ದಾರಾ?" ಅಂದರು. ನಾನು ಕಂಪನಿಯ ಹೆಸರು ಹೇಳಿದೆ. ವೀಸಾ ಬಿಟ್ಟರೆ ಆ ಪದಕ್ಕೆ ಬೇರೆ ಅರ್ಥ ನನಗೆಲ್ಲಿ ಗೊತ್ತು! ನಮಗಿಂತ ಮೊದಲು ಬಿಟ್ಟು, ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲಿನಲ್ಲಿ ಜೊತೆಗೆ ನಡೆಸುವವರು ಸ್ಪಾನ್ಸರ್. ರಾತ್ರಿ ಬಾಯಿ ಒಣಗಿದಾಗ ಫೋನ್ ಮಾಡಬೇಕಾದದ್ದು ಅವರಿಗೆ. 'ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಕೊಡಬಾರದು' ಅನ್ನುವ ನಮ್ಮ ಸಂಕೋಚ ಇಲ್ಲಿ ಬೇಡ.

ಭಾಷೆಯ ವಿಷಯಕ್ಕೆ ಬರುತ್ತೇನೆ. "ನಾನು ಆಲ್ಕೊಹಾಲಿಕ್" ಅಂತ ಮೊದಲ ವಾರವೇ ಸಲೀಸಾಗಿ ಹೇಳಿಬಿಟ್ಟಿದ್ದೆ. ಏನೂ ಅನ್ನಿಸಲಿಲ್ಲ. ಫಾರಂನ ಒಂದು ಖಾನೆಗೆ ಟಿಕ್ ಹಾಕಿದ ಹಾಗಿತ್ತು. ನಾಲ್ಕು ತಿಂಗಳಿಗೆ ಮತ್ತೆ ಕುಡಿದೆ. ಮರುದಿನ ಸ್ಪಾನ್ಸರ್ ನನ್ನ ಕಾರಿನಲ್ಲಿ ಪಕ್ಕದಲ್ಲಿ ಕೂತು, "ಅದನ್ನೇ ನಿನ್ನ ಭಾಷೆಯಲ್ಲಿ ಹೇಳು" ಅಂದರು. ಬಾಯಿ ತೆರೆದೆ. "ನಾನು ಕು..." ಅಷ್ಟಕ್ಕೇ ನಿಂತಿತು. ಚಿಕ್ಕವನಿದ್ದಾಗ ಅಮ್ಮ ರಸ್ತೆ ಬದಿ ಬಿದ್ದವನನ್ನು ತೋರಿಸಿ, "ಕುಡುಕ ಕಣೋ, ಆ ಕಡೆ ಹೋಗಬೇಡ" ಅಂದಿದ್ದಳು. ಸ್ಟೀರಿಂಗ್ ಹಿಡಿದುಕೊಂಡು ಕೊನೆಗೂ ಹೇಳಿದೆ. ಅವರಿಗೆ ಪದ ಅರ್ಥವಾಗಲಿಲ್ಲ. ಗ್ಲೋವ್ ಬಾಕ್ಸ್ ತಡಕಿ ಟಿಶ್ಯೂ ಕೊಟ್ಟರು.

ಕನ್ನಡದವರ ಗುಂಪು ಸಿಗಲಿ ಅಂತ ಕಾಯಬೇಡಿ. ಇಂಗ್ಲಿಷ್ ಮೀಟಿಂಗಿಗೇ ಹೋಗಿ. ಆದರೆ ಒಮ್ಮೆಯಾದರೂ, ಒಬ್ಬರೇ ಇದ್ದಾಗಲಾದರೂ, ಕನ್ನಡದಲ್ಲಿ ಹೇಳಿಕೊಳ್ಳಿ.

ಮಗಳಿಗೆ ಹದಿನಾಲ್ಕು. ಕುಡಿಯುವವರ ಮನೆಯ ಮಕ್ಕಳಿಗಾಗಿ ಇರುವ ಅಲಾಟೀನ್‌ಗೆ ಹೋಗುತ್ತಾಳೆ. ಅಲ್ಲಿ ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಏನೇನು ಹೇಳುತ್ತಾಳೋ, ನಾನು ಕೇಳುವುದಿಲ್ಲ. ಮನೆಯಲ್ಲಿ ಅವಳ ಕನ್ನಡ "ಊಟ ಆಯ್ತಾ", "ಹೋಗಿ ಬರ್ತೀನಿ", ಅಷ್ಟರಲ್ಲೇ ಮುಗಿಯುತ್ತದೆ. ಅವಳಿಗೆ ಕನ್ನಡದ ಕತೆ ಹೇಳಬೇಕಿದ್ದ ಸಂಜೆಗಳಲ್ಲಿ ನಾನು ಬಾಟಲಿ ಮುಂದೆ ಕೂತಿದ್ದೆ. ಕುಡುಕ ಅನ್ನುವ ಪದವೂ ಅವಳಿಗೆ ಗೊತ್ತಿಲ್ಲ. ನಾನೇ ಹೇಳಿಕೊಡಬೇಕು, ಇನ್ನೂ ಆಗಿಲ್ಲ.

ಇನ್ನೊಂದು. ಮೀಟಿಂಗ್ ಚರ್ಚಿನ ಕಟ್ಟಡದಲ್ಲಿದ್ದರೆ ಗಾಬರಿ ಬೇಡ, ಬಾಡಿಗೆಗೆ ಹಿಡಿದಿರುತ್ತಾರೆ. ಮುಂಬಾಗಿಲು ಮುಚ್ಚಿದ್ದರೆ ವಾಪಸ್ ಬರಬೇಡಿ, ನಾನು ಎರಡು ಸಲ ಬಂದಿದ್ದೆ. ಹಿಂದುಗಡೆ ಹೋಗಿ ನೋಡಿ. ಮೂರ್ನಾಲ್ಕು ಜನ ಸಿಗರೇಟು ಸೇದುತ್ತಾ ನಿಂತಿದ್ದರೆ ಅದೇ ಬಾಗಿಲು.